ಬೈಂಡಿಂಗ್ ಮಾಡಿದವನು ಓದಬಾರದೇ?



ನಾನು ಬೆಂಗಳೂರಿನ ಶ್ರೀರಾಮಪುರದ ಒಂದು ಅಡ್ಡರಸ್ತೆಯಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡಿರುವವನು. ಮದುವೆ ಕಾರ್ಡು, ಬಿಲ್ ಪುಸ್ತಕ, ರಾಜ್ಯೋತ್ಸವದ ಕರಪತ್ರ, ತಿಥಿ ಕಾರ್ಡು ಎಲ್ಲವನ್ನೂ ಅಚ್ಚು ಹಾಕಿ ಕೊಡುತ್ತೇನೆ. ಪರೀಕ್ಷೆ ಕಾಲ ಬಂತೆಂದರೆ ಕಾಲೇಜು ಹುಡುಗ ಹುಡುಗಿಯರು ಪ್ರಾಜೆಕ್ಟ್ ರಿಪೋರ್ಟು ಹಿಡಿದುಕೊಂಡು ನನ್ನ ಅಂಗಡಿ ಮುಂದೆ ಸಾಲು ನಿಲ್ಲುತ್ತಾರೆ. ಪಿಎಚ್.ಡಿ. ಮಾಡುವವರು ಇಟ್ಟಿಗೆ ಗಾತ್ರದ ಪ್ರಬಂಧ ತರುತ್ತಾರೆ. ಅದಕ್ಕೆ ಹೊಲಿಗೆ ಹಾಕಿ, ರೆಕ್ಸಿನ್ ಹೊದಿಸಿ, ಮೇಲೆ ಬಂಗಾರದ ಬಣ್ಣದಲ್ಲಿ ಅವರ ಹೆಸರು ಒತ್ತಿ ಕೊಡುವುದು ನಮ್ಮ ಕೆಲಸ. ಎಷ್ಟು ಜನರನ್ನು ಈ ಕೈ ಡಾಕ್ಟರರನ್ನಾಗಿ ಮಾಡಿ ಕಳಿಸಿದೆಯೋ ಲೆಕ್ಕವಿಲ್ಲ. ಆದರೆ ಈ ಕೈಯ ಯಜಮಾನ ಓದಿದ್ದು ಪಿಯುಸಿ!

ಇದನ್ನು ಹೇಳಿಕೊಳ್ಳಲು ನನಗೆ ಮೊದಲೆಲ್ಲ ನಾಚಿಕೆ ಇರಲಿಲ್ಲ. ಹೆಮ್ಮೆ ಇತ್ತು. ಇವತ್ತು ನಿಮ್ಮ ಹತ್ತಿರ ಮಾತಾಡಬೇಕಾಗಿರುವುದು ಆ ಹೆಮ್ಮೆಯ ಬಗ್ಗೆಯೇ.

1996ರಲ್ಲಿ ಪಿಯುಸಿ ಮುಗಿಸಿದೆ. ಡಿಗ್ರಿಗೆ ಸೇರಬೇಕು ಅಂತ ಅರ್ಜಿ ತಂದಿಟ್ಟಿದ್ದೆ. ಅಷ್ಟರಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಪ್ರೆಸ್ಸಿನಲ್ಲಿ ಒಂದು ಟ್ರೆಡಲ್ ಮೆಷಿನ್ನು, ನಾಲ್ಕು ಕೇಸು ಮೊಳೆ, ತಲೆ ಮೇಲೆ ಸಾಲ. ಕಾಲೇಜಿಗೆ ಹೋಗಬೇಕಾಗಿದ್ದವನು ಸ್ಟಿಕ್ ಹಿಡಿದು ಮೊಳೆ ಜೋಡಿಸಲು ನಿಂತೆ. ತಲೆಕೆಳಗಾದ ಅಕ್ಷರ ಓದುವುದನ್ನು ಕಲಿತೆ. ಆಮೇಲೆ ಡಿಟಿಪಿ ಬಂತು, ಆಫ್‌ಸೆಟ್ ಬಂತು, ಅದನ್ನೂ ಕಲಿತೆ. ಸಾಲ ತೀರಿತು, ತಂಗಿಯ ಮದುವೆ ಆಯಿತು, ಮನೆ ಆಯಿತು. ಡಿಗ್ರಿ ಮಾತ್ರ ಆಗಲಿಲ್ಲ.

ಆಗದೇ ಇದ್ದದ್ದನ್ನು ಮನುಷ್ಯ ಏನು ಮಾಡುತ್ತಾನೆ? "ಅದು ಬೇಕಾಗೇ ಇರಲಿಲ್ಲ" ಅನ್ನುತ್ತಾನೆ. ನಾನೂ ಹಾಗೇ ಅಂದೆ. ಕೆಲಸಕ್ಕೆ ಬಂದ ಪ್ರತಿಯೊಬ್ಬ ಹುಡುಗನಿಗೂ ಅಂದೆ. "ಡಿಗ್ರಿ ಅಂದ್ರೆ ಒಂದು ಕಾಗದ ಕಣೋ. ಅಂಥ ಕಾಗದ ನಾನು ದಿನಕ್ಕೆ ಸಾವಿರ ಪ್ರಿಂಟ್ ಹಾಕ್ತೀನಿ. ನನ್ನ ನೋಡು, ಪಿಯುಸಿ. ಏನಾಗಿದೆ?" ಹುಡುಗರು ನಗುತ್ತಿದ್ದರು. ನನಗೂ ಖುಷಿಯಾಗುತ್ತಿತ್ತು.

ನನ್ನ ಹತ್ತಿರ ಒಬ್ಬ ಹುಡುಗ ಡಿಟಿಪಿ ಮಾಡುತ್ತಿದ್ದ. ಹೆಸರು ಬೇಡ. ತುಮಕೂರು ಕಡೆಯವನು. ಕನ್ನಡದಲ್ಲಿ ಒಂದು ಕಾಗುಣಿತ ತಪ್ಪು ಬಿಡುತ್ತಿರಲಿಲ್ಲ. ಪುಟ ಕಟ್ಟಿದರೆ ಕಣ್ಣಿಗೆ ಹಬ್ಬ. ಪಿಯುಸಿ ಪಾಸಾಗಿದ್ದ. ಸಂಜೆ ಕಾಲೇಜಿಗೆ ಸೇರಿಕೊಳ್ಳಲಾ ಅಂತ ಒಂದು ಸಲ ಕೇಳಿದ. ನಾನು ಅದೇ ಭಾಷಣ ಮಾಡಿದೆ. ಸುಮ್ಮನಾದ. 2020ರಲ್ಲಿ ಕೊರೊನಾ ಬಂದಾಗ ಮದುವೆಗಳೇ ನಿಂತವು, ಕಾರ್ಡು ಎಲ್ಲಿಂದ ಬರಬೇಕು? ಆರು ತಿಂಗಳು ನಾನೇ ಬಾಡಿಗೆ ಕಟ್ಟಲು ಒದ್ದಾಡಿದೆ. ಅವನಿಗೆ ಪೂರ್ತಿ ಸಂಬಳ ಕೊಡಲಾಗಲಿಲ್ಲ. ಅವನು ಬೇರೆ ಕಡೆ ಕೆಲಸ ಹುಡುಕಿದ. ಒಂದು ದೊಡ್ಡ ಕಂಪನಿಯಲ್ಲಿ ಕನ್ನಡ ಪುಟವಿನ್ಯಾಸದ ಕೆಲಸ ಖಾಲಿ ಇತ್ತು. ಪರೀಕ್ಷೆ ಕೊಟ್ಟರು, ಎಲ್ಲರಿಗಿಂತ ಚೆನ್ನಾಗಿ ಮಾಡಿದ. ಆಮೇಲೆ ಕೇಳಿದರು: "ಯಾವುದಾದರೂ ಡಿಗ್ರಿ ಇದೆಯಾ?" ಇರಲಿಲ್ಲ. ಕಳಿಸಿಬಿಟ್ಟರು. ಈಗ ಅವನು ಬೈಕಿನಲ್ಲಿ ಊಟದ ಡಬ್ಬಿ ಹಂಚುತ್ತಾನೆ. ದುಡಿದು ತಿನ್ನುವುದರಲ್ಲಿ ಕೀಳೇನೂ ಇಲ್ಲ. ಆದರೆ ಅಷ್ಟು ಚೆಂದ ಪುಟ ಕಟ್ಟುವ ಕೈ ಅದು!

ಒಂದು ರಾತ್ರಿ ನಮ್ಮ ಬೀದಿಗೇ ಡೆಲಿವರಿಗೆ ಬಂದಿದ್ದ. "ಸಾರ್, ನಿಮಗೆ ಪ್ರೆಸ್ಸಿತ್ತು. ನನಗೆ ಆ ಕಾಗದನೂ ಇರಲಿಲ್ಲ" ಅಂದ. ಕೋಪದಿಂದ ಹೇಳಲಿಲ್ಲ. ನಗುತ್ತಾ ಹೇಳಿದ. ಅವನು ಬೈದಿದ್ದರೆ ನಾನು ಆ ರಾತ್ರಿ ನಿದ್ದೆ ಮಾಡುತ್ತಿದ್ದೆ.

ನನಗೆ ಅಪ್ಪನ ಪ್ರೆಸ್ ಇತ್ತು. ಅದಕ್ಕೇ ಪಿಯುಸಿ ಸಾಕಾಯಿತು. ಅದನ್ನು ಮರೆತು, ಏನೂ ಇಲ್ಲದ ಹುಡುಗನಿಗೆ "ಡಿಗ್ರಿ ಬೇಡ" ಅಂತ ಬುದ್ಧಿ ಹೇಳಿದೆ. ಆ ಮಾತಿನ ಸಾಲ ನನ್ನ ಮೇಲಿದೆ. ಸಾಲ ತೀರಿಸುವ ಮೊದಲ ಕಂತಾಗಿ, 2024ರಲ್ಲಿ, ನಲವತ್ತಾರನೇ ವಯಸ್ಸಿನಲ್ಲಿ, ನಾನೇ ಒಂದು ಸಂಜೆ ಕಾಲೇಜಿನಲ್ಲಿ ಬಿ.ಎ.ಗೆ ಅರ್ಜಿ ತುಂಬಿದೆ.

ಗೇಟಿನ ಹೊರಗೆ, ಗೇಟಿನ ಒಳಗೆ

ಮನೆಯಲ್ಲಿ ಹೇಳಿದಾಗ ಹೆಂಡತಿ, "ರೀ, ಜಿಎಸ್‌ಟಿ ಫೈಲ್ ಮಾಡೋಕೇ ನಿಮಗೆ ಪುರುಸೊತ್ತಿಲ್ಲ, ಇನ್ನು ಇದೊಂದು ಬಾಕಿ ಇತ್ತಾ?" ಅಂದಳು. ಪಿಯುಸಿ ಓದುತ್ತಿರುವ ಮಗಳು, "ಅಪ್ಪ, ನೀವು ನನಗಿಂತ ಒಂದೇ ಕ್ಲಾಸ್ ಸೀನಿಯರ್ರು" ಅಂತ ಬಿದ್ದು ಬಿದ್ದು ನಕ್ಕಳು. ಮಾರನೇ ದಿನ ಅವಳೇ ಒಂದು ಹೊಸ ಪೆನ್ನು ತಂದುಕೊಟ್ಟಳು.

ಮೊದಲ ದಿನ ಕಾಲೇಜಿನ ಗೇಟಿನಲ್ಲಿ ವಾಚ್‌ಮನ್ ತಡೆದ. "ಪೇರೆಂಟ್ಸ್ ಹೊರಗೇ ಕಾಯಬೇಕು ಸಾರ್." ನಾನು ಐಡಿ ಕಾರ್ಡ್ ತೋರಿಸಿದೆ. ಅವನು ಕಾರ್ಡ್ ನೋಡಿದ, ನನ್ನ ಮುಖ ನೋಡಿದ, ಮತ್ತೆ ಕಾರ್ಡ್ ನೋಡಿದ. "ನನಗೂ ಸೇರಿಸ್ಕೋತಾರಾ ಸಾರ್?" ಅಂದ. ಅವನಿಗೆ ಐವತ್ತು ದಾಟಿತ್ತು.

ಯುವಕ ಗೆಳೆಯರೇ, ಆ ಪ್ರಶ್ನೆಯನ್ನು ಸ್ವಲ್ಪ ಯೋಚನೆ ಮಾಡಿ. ದಿನಾ ಸಾವಿರಾರು ಜನರನ್ನು ಕಾಲೇಜಿನ ಒಳಗೆ ಬಿಡುವವನಿಗೆ, ತಾನು ಒಳಗೆ ಹೋಗಬಹುದೋ ಇಲ್ಲವೋ ಗೊತ್ತಿಲ್ಲ! ನಮ್ಮ ಊರಿನ ಆಟೋ ಸ್ಟ್ಯಾಂಡುಗಳಲ್ಲಿ, ಗಾರ್ಮೆಂಟ್ಸ್ ಗೇಟುಗಳಲ್ಲಿ, ಹೋಟೆಲ್ ಅಡುಗೆಮನೆಗಳಲ್ಲಿ ಇಂಥ ಎಷ್ಟು ಜನ ಕನ್ನಡಿಗರಿದ್ದಾರೆ? ಬುದ್ಧಿಯಲ್ಲಿ ಯಾರಿಗೂ ಕಡಿಮೆ ಇಲ್ಲ. ಹದಿನೆಂಟನೇ ವಯಸ್ಸಿನಲ್ಲಿ ಮನೆಯ ಕಷ್ಟ ಬಂದು ಅಡ್ಡ ನಿಂತಿತು, ಅಷ್ಟೇ. ಬಸ್ಸು ತಪ್ಪಿತು, ಇನ್ನು ಬಸ್ಸೇ ಇಲ್ಲ ಅಂದುಕೊಂಡು ಸ್ಟಾಪಿನಲ್ಲೇ ಮೂವತ್ತು ವರ್ಷ ಕೂತಿದ್ದಾರೆ.

ಹೊಳಿಗೆ ಮತ್ತು ಅರ್ಥಶಾಸ್ತ್ರ

ತರಗತಿಯಲ್ಲಿ ನನ್ನ ಪಕ್ಕ ಕೂರುವವನು ಆಟೋ ಓಡಿಸುತ್ತಾನೆ. ಮುಂದಿನ ಬೆಂಚಿನಲ್ಲಿ ಗಾರ್ಮೆಂಟ್ಸಿನಿಂದ ನೇರವಾಗಿ ಬರುವ ಇಬ್ಬರು ಹೆಣ್ಣುಮಕ್ಕಳು. ಒಬ್ಬರು ಪೊಲೀಸ್ ಕಾನ್‌ಸ್ಟೇಬಲ್ ಇದ್ದಾರೆ, ಬಂದೋಬಸ್ತ್ ಇಲ್ಲದ ದಿನ ಬರುತ್ತಾರೆ. ಎಲ್ಲರೂ ನನ್ನನ್ನು "ಅಂಕಲ್" ಅನ್ನುತ್ತಾರೆ. ಮೇಷ್ಟ್ರಿಗೆ ನನಗಿಂತ ಹನ್ನೆರಡು ವರ್ಷ ಕಡಿಮೆ. ಅವರು ನನ್ನನ್ನು "ಸಾರ್" ಅನ್ನುತ್ತಾರೆ, ನಾನು ಅವರನ್ನು "ಸಾರ್" ಅನ್ನುತ್ತೇನೆ. ಹುಡುಗರಿಗೆ ಇದೊಂದು ತಮಾಷೆ.

ಅರ್ಥಶಾಸ್ತ್ರದ ಮೊದಲ ಪಾಠ. ಮೇಷ್ಟ್ರು ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ 'ಡಿಮಿನಿಶಿಂಗ್ ಮಾರ್ಜಿನಲ್ ಯುಟಿಲಿಟಿ' ಅಂತ ಬರೆದರು. ಇಂಗ್ಲಿಷಿನಲ್ಲೇ ವಿವರಿಸಿದರು. ಇಡೀ ತರಗತಿ ಮೌನ. ನಲವತ್ತು ಜನ ಗೋಣು ಹಾಕಿದೆವು, ನಲವತ್ತು ಜನಕ್ಕೂ ಅರ್ಥವಾಗಲಿಲ್ಲ. ನಾನು ಎದ್ದು ನಿಂತೆ. ನಲವತ್ತಾರು ವರ್ಷದವನಿಗೆ ಇರುವ ಒಂದೇ ಲಾಭ ಅಂದರೆ ನಾಚಿಕೆ ಕಡಿಮೆ. "ಸಾರ್, ಸ್ವಲ್ಪ ಕನ್ನಡದಲ್ಲಿ ಹೇಳಿ" ಅಂದೆ.

ಮೇಷ್ಟ್ರು ಒಳ್ಳೆಯವರು. ಒಂದು ನಿಮಿಷ ಸುಮ್ಮನಿದ್ದು, "ಕನ್ನಡದಲ್ಲಿ ಇದಕ್ಕೆ ಇಳಿಮುಖ ಸೀಮಾಂತ ತುಷ್ಟಿಗುಣ ಅಂತಾರೆ" ಅಂದರು. ತರಗತಿ ಇನ್ನೂ ಗಾಬರಿಯಾಯಿತು! ಆಮೇಲೆ ಅವರೇ ನಕ್ಕು ಹೇಳಿದರು: "ನೋಡಿ, ಹಬ್ಬದ ದಿನ ಹಸಿದು ಕೂತಿದ್ದೀರಿ. ಮೊದಲನೇ ಹೊಳಿಗೆ ಸ್ವರ್ಗ. ಎರಡನೇದು ಚೆನ್ನಾಗಿದೆ. ಮೂರನೇದು ಪರವಾಗಿಲ್ಲ. ನಾಲ್ಕನೇದು ಬಡಿಸೋಕೆ ಬಂದ್ರೆ ಎಲೆ ಮೇಲೆ ಕೈ ಅಡ್ಡ ಹಿಡೀತೀರಿ. ಒಂದೊಂದು ಹೊಳಿಗೆ ಜಾಸ್ತಿ ಆದ ಹಾಗೂ ಅದರಿಂದ ಸಿಗೋ ತೃಪ್ತಿ ಕಡಿಮೆ ಆಗ್ತಾ ಹೋಗುತ್ತೆ. ಇಷ್ಟೇ."

ಇಡೀ ತರಗತಿಗೆ ಜೀವ ಬಂತು. ಆಟೋದವನು, "ಸಾರ್, ದಿನದ ಮೊದಲ ಬಾಡಿಗೆಗೂ ರಾತ್ರಿ ಹತ್ತಕ್ಕೆ ಬರೋ ಬಾಡಿಗೆಗೂ ಅದೇ ವ್ಯತ್ಯಾಸ" ಅಂದ. ಗಾರ್ಮೆಂಟ್ಸಿನ ಹೆಣ್ಣುಮಗಳು ಓವರ್‌ಟೈಮಿನ ಲೆಕ್ಕ ಹೇಳಿದಳು. ಮುಂದಿನ ವಾರ ಬೇಡಿಕೆಯ ಪಾಠ ಬಂದಾಗ ನಾನೇ ಉದಾಹರಣೆ ಕೊಟ್ಟೆ. ಸುಲ್ತಾನ್‌ಪೇಟೆಯಲ್ಲಿ ಕಾಗದದ ರೇಟು ಏರಿದರೆ ಮದುವೆ ಕಾರ್ಡಿನವರು ಐನೂರು ಕಾರ್ಡಿನ ಬದಲು ಇನ್ನೂರು ಹಾಕಿಸಿ ಉಳಿದವರಿಗೆ ವಾಟ್ಸಾಪ್ ಮಾಡುತ್ತಾರೆ. ಆದರೆ ಬಿಲ್ ಪುಸ್ತಕ ಬೇಕಾದ ಅಂಗಡಿಯವನು ರೇಟು ಎಷ್ಟಾದರೂ ಹಾಕಿಸಲೇಬೇಕು. ಮೇಷ್ಟ್ರು ಕೇಳಿ, "ಬೇಡಿಕೆಯ ಸ್ಥಿತಿಸ್ಥಾಪಕತ್ವ ಅಂದ್ರೆ ಇದೇ ಸಾರ್. ನೀವು ಇಪ್ಪತ್ತೈದು ವರ್ಷದಿಂದ ಅರ್ಥಶಾಸ್ತ್ರ ಮಾಡ್ತಾನೇ ಇದ್ದೀರಿ, ಹೆಸರು ಗೊತ್ತಿರಲಿಲ್ಲ ಅಷ್ಟೇ" ಅಂದರು.

ಗೆಳೆಯರೇ, ನಾನು ಹೇಳಬೇಕಾದ ಮುಖ್ಯ ಮಾತು ಇಲ್ಲಿದೆ. ವಯಸ್ಸಾದ ಮೇಲೆ ಓದಲು ಬರುವವನ ನೆನಪಿನ ಶಕ್ತಿ ಹದಿನೆಂಟರ ಹುಡುಗನಷ್ಟು ಚುರುಕಾಗಿರುವುದಿಲ್ಲ. ಪುರುಸೊತ್ತಿರುವುದಿಲ್ಲ. ಕಣ್ಣಿಗೆ ಕನ್ನಡಕ ಬಂದಿರುತ್ತದೆ. ಅವನ ಹತ್ತಿರ ಇರುವ ಒಂದೇ ಬಂಡವಾಳ ಅವನ ಅನುಭವ. ಆ ಅನುಭವ ಯಾವ ಭಾಷೆಯಲ್ಲಿದೆ? ಕನ್ನಡದಲ್ಲಿದೆ! ಅವನು ವ್ಯಾಪಾರ ಮಾಡಿದ್ದು, ಮೋಸ ಹೋಗಿದ್ದು, ಜಗಳ ಆಡಿದ್ದು, ಸಾಲ ತೀರಿಸಿದ್ದು ಎಲ್ಲ ಕನ್ನಡದಲ್ಲಿ. ಪಾಠ ಕನ್ನಡದಲ್ಲಿ ನಡೆದರೆ ಆ ಬಂಡವಾಳಕ್ಕೆ ಬಡ್ಡಿ ಹುಟ್ಟುತ್ತದೆ. ಇಂಗ್ಲಿಷಿನಲ್ಲಿ ಮಾತ್ರ ನಡೆದರೆ ಅವನ ಬಂಡವಾಳವನ್ನು ಕಾಲೇಜಿನ ಗೇಟಿನಲ್ಲೇ ಜಪ್ತಿ ಮಾಡಿದಂತೆ. ಆಮೇಲೆ ಅವನು ಒಳಗೆ ಬರಿಗೈಯಲ್ಲಿ ಕೂತಿರುತ್ತಾನೆ. ಮೂರು ತಿಂಗಳಿಗೆ ಬಿಟ್ಟು ಹೋಗುತ್ತಾನೆ. "ವಯಸ್ಸಾಯಿತು, ತಲೆಗೆ ಹತ್ತಲಿಲ್ಲ" ಅಂತ ತನ್ನನ್ನೇ ಬೈದುಕೊಳ್ಳುತ್ತಾನೆ. ಅವನನ್ನು ಓಡಿಸಿದ್ದು ವಯಸ್ಸಲ್ಲ, ಪಾಠದ ಭಾಷೆ.

ಅನುಮಾನ ಬಂದರೆ ಇಂಗ್ಲಿಷೇ ಗಟ್ಟಿ!

ಪರೀಕ್ಷೆಯ ಕಥೆ ಕೇಳಿ. ನುಡಿ ಕೀಲಿಮಣೆಯ ಮೇಲೆ ನನ್ನ ಬೆರಳು ಓಡುತ್ತವೆ. ಆದರೆ ಪೆನ್ನು ಹಿಡಿದು ಎರಡೂವರೆ ಗಂಟೆ ಬರೆದು ಮೂವತ್ತು ವರ್ಷ ಆಗಿತ್ತು. ಒಂದು ಗಂಟೆಗೆ ಹೆಬ್ಬೆರಳು ಮರಗಟ್ಟಿತು. ಪಕ್ಕದ ಹುಡುಗಿ ಅಡಿಷನಲ್ ಶೀಟು ಕೇಳುವಾಗ ನಾನು ಇನ್ನೂ ನಾಲ್ಕನೇ ಪುಟದಲ್ಲಿದ್ದೆ. ಆಮೇಲಿಂದ ದಿನಾ ರಾತ್ರಿ ಪ್ರೆಸ್ ಬಾಗಿಲು ಹಾಕಿದ ಮೇಲೆ, ಹಾಳಾದ ಶೀಟುಗಳ ಹಿಂಬದಿಯಲ್ಲಿ ಎರಡೆರಡು ಪುಟ ಬರೆದು ಅಭ್ಯಾಸ ಮಾಡಿದೆ. ಇದು ನನ್ನ ಕೈಯ ಕೊರತೆ, ನಾನೇ ಸರಿ ಮಾಡಿಕೊಂಡೆ.

ಆದರೆ ಪ್ರಶ್ನೆಪತ್ರಿಕೆಯ ಕೊರತೆಯನ್ನು ಯಾರು ಸರಿ ಮಾಡಬೇಕು? ಮೇಲೆ ಇಂಗ್ಲಿಷ್ ಪ್ರಶ್ನೆ, ಕೆಳಗೆ ಕನ್ನಡ. ಕನ್ನಡ ಓದಿದರೆ ತಲೆ ಬುಡ ತಿಳಿಯುವುದಿಲ್ಲ. ನಾನು ಪ್ರೂಫ್ ನೋಡಿ ಬದುಕಿದವನು. ಒಂದು ನೋಟಕ್ಕೇ ಗೊತ್ತಾಯಿತು: ಇಂಗ್ಲಿಷ್ ವಾಕ್ಯವನ್ನು ಒಬ್ಬೊಬ್ಬ ಪದದಂತೆ ಕಿತ್ತು ಕನ್ನಡದಲ್ಲಿ ನೆಟ್ಟಿದ್ದಾರೆ. ಸಾಲದ್ದಕ್ಕೆ ಹಳೇ ಫಾಂಟಿನಿಂದ ಯೂನಿಕೋಡಿಗೆ ಬದಲಾಯಿಸುವಾಗ ಒತ್ತಕ್ಷರ ಹಾರಿಹೋಗಿವೆ, ಅರ್ಕಾವತ್ತು ಎಲ್ಲೋ ಹೋಗಿ ಕೂತಿದೆ. ಒಬ್ಬರೂ ಪ್ರೂಫ್ ನೋಡಿಲ್ಲ. ನನ್ನ ಪ್ರೆಸ್ಸಿನಲ್ಲಿ ಮದುವೆ ಕಾರ್ಡಿಗೆ ಹೀಗೆ ಮಾಡಿದರೆ ಗಿರಾಕಿ ಕಾರ್ಡನ್ನು ಮುಖಕ್ಕೆ ಎಸೆದು ಹೋಗುತ್ತಾನೆ! ನನ್ನ ಕಾಲೇಜಿನ ಹೆಸರನ್ನಾಗಲಿ, ಅದರ ವಿಶ್ವವಿದ್ಯಾಲಯದ ಹೆಸರನ್ನಾಗಲಿ ಇಲ್ಲಿ ಹಾಕುವುದಿಲ್ಲ. ನನ್ನ ಜಗಳ ಒಂದು ಕಟ್ಟಡದ ಜೊತೆ ಅಲ್ಲ.

ಇದು ನನ್ನೊಬ್ಬನ ಗೋಳಾಗಿದ್ದರೆ ಪತ್ರಿಕೆಯ ಜಾಗ ಹಾಳು ಮಾಡುತ್ತಿರಲಿಲ್ಲ. 2024ರ ಆಗಸ್ಟ್ 27ರಂದು ಕೆಪಿಎಸ್‌ಸಿ ನಡೆಸಿದ ಗೆಜೆಟೆಡ್ ಪ್ರೊಬೇಷನರಿ ಪೂರ್ವಭಾವಿ ಪರೀಕ್ಷೆ ನೆನಪಿದೆಯಾ? ಕರ್ನಾಟಕದ ಅಧಿಕಾರಿಗಳನ್ನು ಆರಿಸುವ ಪರೀಕ್ಷೆ! ಕನ್ನಡ ಪ್ರಶ್ನೆಗಳಲ್ಲಿ ಅನುವಾದದ ತಪ್ಪುಗಳು ತುಂಬಿವೆ ಅಂತ ಅಭ್ಯರ್ಥಿಗಳು ಬೀದಿಗಿಳಿದರು. ಮುಖ್ಯಮಂತ್ರಿಗಳೇ ಮರುಪರೀಕ್ಷೆಗೆ ಹೇಳಬೇಕಾಯಿತು. ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಯಿತು. ಅದರಲ್ಲೂ ಮತ್ತೆ ಅನುವಾದದ ತಪ್ಪುಗಳ ದೂರು! ಕನ್ನಡಕ್ಕೆ ಶಾಸ್ತ್ರೀಯ ಸ್ಥಾನ ಸಿಕ್ಕಿದ್ದು 2008ರಲ್ಲಿ. ಸ್ಥಾನಮಾನದ ಭಾಷೆಯಲ್ಲಿ ಒಂದು ಪ್ರಶ್ನೆಯನ್ನು ನೆಟ್ಟಗೆ ಕೇಳುವ ಯೋಗ್ಯತೆ ನಮಗಿಲ್ಲ ಅಂದರೆ ಆ ಸ್ಥಾನಮಾನ ಯಾಕೆ? ಗೋಡೆಗೆ ನೇತುಹಾಕುವುದಕ್ಕಾ?

ಇನ್ನೊಂದು ಸಾಲು ಪರೀಕ್ಷೆಗಳಲ್ಲಿ ಕಾಣುತ್ತದೆ, ನೀವೂ ನೋಡಿರುತ್ತೀರಿ. ಕನ್ನಡ ಪ್ರಶ್ನೆಯಲ್ಲಿ ಗೊಂದಲವಿದ್ದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮವಂತೆ. ಅಂದರೆ ಕನ್ನಡದಲ್ಲಿ ಬರೆಯುವವನು ಅನುಮಾನ ಬಂದಾಗಲೆಲ್ಲ ಇಂಗ್ಲಿಷ್ ನೋಡಬೇಕು. ಇಂಗ್ಲಿಷ್ ಬರುವುದಾಗಿದ್ದರೆ ಅವನು ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದ ಸ್ವಾಮಿ? ತಪ್ಪು ಮಾಡುವವರು ಅವರು, ಅಂಕ ಕಳೆದುಕೊಳ್ಳುವವರು ನಾವು.

ಕುವೆಂಪು ತೆರೆದ ಬಾಗಿಲು

ಕನ್ನಡದಲ್ಲಿ ಉನ್ನತ ಶಿಕ್ಷಣ ಆಗದ ಮಾತು ಅನ್ನುವವರಿಗೆ ಒಂದು ಹಳೇ ಮಾತು ನೆನಪಿಸಬೇಕು. ಮೈಸೂರು ವಿಶ್ವವಿದ್ಯಾನಿಲಯ ಶುರುವಾಗಿದ್ದು 1916ರಲ್ಲಿ. ಅದರ ಮೇಷ್ಟ್ರುಗಳು ಕಾಲೇಜಿನ ಗೋಡೆ ದಾಟಿ ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಡುತ್ತಿದ್ದರು. ಆರೋಗ್ಯ, ವಿಜ್ಞಾನ, ಚರಿತ್ರೆ, ಸಾಹಿತ್ಯ ಎಲ್ಲ ವಿಷಯ. ಅವೇ ಉಪನ್ಯಾಸಗಳು ಪುಟ್ಟ ಪುಟ್ಟ ಪುಸ್ತಕಗಳಾಗಿ ಅಚ್ಚಾದವು. ನನ್ನ ಅಪ್ಪನ ಪೆಟ್ಟಿಗೆಯಲ್ಲಿ ಅಂಥ ಕೆಲವು ಪುಸ್ತಕ ಈಗಲೂ ಇವೆ. ಕೈಗೆ ಹಿಡಿಯುವಷ್ಟು ಸಣ್ಣವು, ಆದರೆ ಒಂದು ಅಚ್ಚಿನ ತಪ್ಪು ಹುಡುಕಿದರೂ ಸಿಗುವುದಿಲ್ಲ. ಕೆಲಸ ಮಾಡುವ ಮನುಷ್ಯ ವಿಶ್ವವಿದ್ಯಾಲಯಕ್ಕೆ ಬರಲಾಗದಿದ್ದರೆ ವಿಶ್ವವಿದ್ಯಾಲಯವೇ ಅವನ ಬಳಿ ಹೋಗಬೇಕು ಅನ್ನುವ ಯೋಚನೆ ನಮಗೆ ಹೊಸದಲ್ಲ.

ಕುವೆಂಪು 1956ರಿಂದ 1960ರವರೆಗೆ ಅಲ್ಲಿ ಕುಲಪತಿಗಳಾಗಿದ್ದರು. ಪದವಿ ತರಗತಿಗಳಲ್ಲಿ ಕನ್ನಡ ಮಾಧ್ಯಮಕ್ಕಾಗಿ, ಕನ್ನಡ ಪಠ್ಯಪುಸ್ತಕಗಳಿಗಾಗಿ ಪಟ್ಟು ಹಿಡಿದವರು ಅವರು. ಪುಸ್ತಕ ಇಲ್ಲ, ಪದ ಇಲ್ಲ ಅನ್ನುವ ಆಕ್ಷೇಪ ಆಗಲೂ ಇತ್ತು. ಈಜು ಬಂದ ಮೇಲೆ ನೀರಿಗಿಳಿಯುತ್ತೇನೆ ಅನ್ನುವ ಮಾತು ಅದು. ಆ ಮಾತು ಇವತ್ತಿಗೂ ಮುಗಿದಿಲ್ಲ.

1969ರಲ್ಲಿ ಮೈಸೂರಿನಲ್ಲೇ ಅಂಚೆ ತೆರಪಿನ ಶಿಕ್ಷಣ ಶುರುವಾಯಿತು. ನೌಕರಿಯಲ್ಲಿದ್ದವರು, ಮದುವೆಯಾಗಿ ಓದು ನಿಂತ ಹೆಣ್ಣುಮಕ್ಕಳು ಪಾಠಗಳನ್ನು ಅಂಚೆಯಲ್ಲಿ ತರಿಸಿಕೊಂಡು ಓದಿ ಪದವಿ ಪಡೆದರು. ಹೈದರಾಬಾದಿನಲ್ಲಿ 1982ರಲ್ಲಿ ದೇಶದ ಮೊದಲ ಮುಕ್ತ ವಿಶ್ವವಿದ್ಯಾಲಯ ಬಂತು. ದಿಲ್ಲಿಯಲ್ಲಿ 1985ರಲ್ಲಿ ಇಗ್ನೋ, ನಾಸಿಕದಲ್ಲಿ 1989ರಲ್ಲಿ ಮಹಾರಾಷ್ಟ್ರದವರದ್ದು. ನಮ್ಮ ಅಂಚೆ ತೆರಪಿನ ಸಂಸ್ಥೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಆಗಿದ್ದು 1996ರಲ್ಲಿ. "ಉನ್ನತ ಶಿಕ್ಷಣ ಎಲ್ಲರಿಗೂ ಎಲ್ಲೆಡೆ" ಅನ್ನುವುದು ಅದರ ಧ್ಯೇಯವಾಕ್ಯ. 1996! ನಾನು ಪಿಯುಸಿ ಮುಗಿಸಿ ಮೊಳೆ ಜೋಡಿಸಲು ನಿಂತ ವರ್ಷವೇ ನನ್ನಂಥವನಿಗಾಗಿ ಒಂದು ವಿಶ್ವವಿದ್ಯಾಲಯ ಬಾಗಿಲು ತೆರೆದಿತ್ತು. ನನಗೆ ಒಬ್ಬರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಅದಕ್ಕೇ ಈಗ ನಿಮಗೆ ಕೂಗಿ ಹೇಳುತ್ತಿದ್ದೇನೆ.

ಅಣ್ಣಾವ್ರ ನೆಪ ಬೇಡ

ಇಷ್ಟು ಹೇಳಿದ ಕೂಡಲೇ ಒಬ್ಬ ಎದ್ದು ನಿಲ್ಲುತ್ತಾನೆ. "ಡಿವಿಜಿ ಡಿಗ್ರಿ ಮಾಡಿದ್ರಾ? ಕಾರಂತರು ಕಾಲೇಜು ಮುಗಿಸಿದ್ರಾ? ಅಣ್ಣಾವ್ರು ಎಷ್ಟು ಓದಿದ್ರು?" ಈ ಪ್ರಶ್ನೆಯನ್ನು ನಾನೇ ಇಪ್ಪತ್ತು ವರ್ಷ ಕೇಳಿದವನು. ಅದಕ್ಕೆ ಉತ್ತರವನ್ನೂ ನಾನೇ ಹೇಳುತ್ತೇನೆ. ಡಿವಿಜಿ ಮೆಟ್ರಿಕ್ ದಾಟಲಿಲ್ಲ ನಿಜ. ಕಾರಂತರು ಗಾಂಧೀಜಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟರು ನಿಜ. ಆದರೆ ಅವರು ಓದು ಬಿಟ್ಟರಾ? ಸಾಯುವವರೆಗೂ ಓದಿದರು. ಕಾಲೇಜು ಬಿಟ್ಟ ಕಾರಂತರು ಮಕ್ಕಳಿಗೆ, ದೊಡ್ಡವರಿಗೆ ವಿಜ್ಞಾನವನ್ನು ಕನ್ನಡದಲ್ಲಿ ಸಂಪುಟಗಟ್ಟಲೆ ಬರೆದರು. ಡಾ. ರಾಜ್‌ಕುಮಾರ್ ಅವರಿಗೆ ಮೈಸೂರು ವಿಶ್ವವಿದ್ಯಾನಿಲಯ 1976ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಅದು ಅವರ ಸಾಧನೆಗೆ ಸಂದ ಗೌರವ. ನಾನೂ ನೀವೂ ಅಣ್ಣಾವ್ರಲ್ಲ. ನಮ್ಮ ಮನೆ ಹುಡುಕಿಕೊಂಡು ಡಾಕ್ಟರೇಟ್ ಬರುವುದಿಲ್ಲ. ನಾವು ಅರ್ಜಿ ತುಂಬಬೇಕು, ಫೀಸು ಕಟ್ಟಬೇಕು, ಹಾಲ್‌ಟಿಕೆಟ್ ಹಿಡಿದು ಹೋಗಿ ಕೂರಬೇಕು. ದೊಡ್ಡವರ ಹೆಸರನ್ನು ನಮ್ಮ ಸೋಮಾರಿತನಕ್ಕೆ ಹೊದಿಕೆ ಮಾಡಿಕೊಳ್ಳುವುದು ಅವರಿಗೆ ಮಾಡುವ ಅವಮಾನ.

ಹಾಗಾದರೆ ಡಿಗ್ರಿ ಇದ್ದವರೆಲ್ಲ ಉದ್ಧಾರ ಆಗಿದ್ದಾರಾ? ಇಲ್ಲ. ನನಗೆ ಗೊತ್ತು. ಡಿಗ್ರಿ ಇದ್ದೂ ಕೆಲಸ ಇಲ್ಲದವರ ಬಯೋಡೇಟಾ ಪ್ರಿಂಟ್ ಹಾಕಿಕೊಡುವವನೂ ನಾನೇ. ಆದರೆ ಡಿಗ್ರಿ ಇದ್ದವನನ್ನು ಒಳಗೆ ಕರೆದು ಬೇಡ ಅನ್ನುತ್ತಾರೆ, ಇಲ್ಲದವನನ್ನು ಗೇಟಿನಲ್ಲೇ ಬೇಡ ಅನ್ನುತ್ತಾರೆ. ಕನ್ನಡಿಗರಿಗೆ ಉದ್ಯೋಗ ಕೊಡಿ ಅಂತ ನಾವು ಘೋಷಣೆ ಹಾಕುತ್ತೇವೆ. 1986ರ ಸರೋಜಿನಿ ಮಹಿಷಿ ವರದಿಯ ಜಾರಿಗೆ ಹೋರಾಡಿದ್ದೇವೆ. ಆ ಹೋರಾಟ ಬೇಕು. ಆದರೆ ನಾಳೆ ಕಂಪನಿಯವರು "ಸರಿ ಸ್ವಾಮಿ, ಕನ್ನಡಿಗರನ್ನೇ ಕಳಿಸಿ, ಡಿಗ್ರಿ ಆಗಿರಬೇಕು" ಅಂದರೆ ಆ ತುಮಕೂರಿನ ಹುಡುಗನನ್ನು ಕಳಿಸೋಣವೇ? ಅವನ ಕೈಯಲ್ಲಿ ಆ ಕಾಗದವಿಲ್ಲ. ಇಲ್ಲದಂತೆ ಮಾಡಿದವರಲ್ಲಿ ನಾನೂ ಒಬ್ಬ.

ಈಗ ಏನು ಮಾಡಬೇಕು?

ಮೊದಲು ತಿಳಿಯಬೇಕಾದ್ದು. ಪಿಯುಸಿ ಪಾಸಾಗಿದ್ದರೆ ಎಷ್ಟೇ ವಯಸ್ಸಾಗಿದ್ದರೂ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಎ., ಬಿ.ಕಾಂ. ಓದಬಹುದು, ಕನ್ನಡದಲ್ಲೇ ಪರೀಕ್ಷೆ ಬರೆಯಬಹುದು. ಎಸ್ಸೆಸ್ಸೆಲ್ಸಿಯೇ ಆಗದವರು ಖಾಸಗಿ ಅಭ್ಯರ್ಥಿಯಾಗಿ ಅದನ್ನು ಬರೆದು ಮುಂದೆ ಬರಬಹುದು. ಊರಿನಲ್ಲೇ ಸಂಜೆ ಕಾಲೇಜು ಇದ್ದರೆ ಇನ್ನೂ ಒಳ್ಳೆಯದು. ಎಚ್‌ಎಂಟಿ, ಐಟಿಐ ಕಾರ್ಖಾನೆಗಳ ಕಾಲದಲ್ಲಿ ಪಾಳಿ ಮುಗಿಸಿ ಸೈಕಲ್ ತುಳಿದುಕೊಂಡು ಸಂಜೆ ಕಾಲೇಜಿಗೆ ಹೋಗುತ್ತಿದ್ದ ಕಾರ್ಮಿಕರ ಊರು ಇದು.

ಎರಡನೆಯದು ಎಚ್ಚರಿಕೆ. ಕೂತಲ್ಲೇ ಡಿಗ್ರಿ, ಒಂದೇ ವರ್ಷದಲ್ಲಿ ಡಿಗ್ರಿ ಅಂತ ಬಸ್‌ಸ್ಟಾಪಿನ ಕಂಬಗಳಿಗೆ ಅಂಟಿಸಿರುವ ಭಿತ್ತಿಪತ್ರ ನಂಬಬೇಡಿ. ಅಂಥ ಭಿತ್ತಿಪತ್ರ ಅಚ್ಚು ಹಾಕಲು ನನ್ನ ಹತ್ತಿರವೂ ಬರುತ್ತಾರೆ, ನಾನು ವಾಪಸ್ ಕಳಿಸಿದ್ದೇನೆ. ದೂರಶಿಕ್ಷಣದ ಕೋರ್ಸಿಗೆ ಯುಜಿಸಿಯ ದೂರಶಿಕ್ಷಣ ವಿಭಾಗದ ಒಪ್ಪಿಗೆ ಆ ವರ್ಷಕ್ಕೆ ಇದೆಯೇ ಅಂತ ನೋಡಿಯೇ ದುಡ್ಡು ಕಟ್ಟಿ. ಸರ್ಕಾರದ್ದೇ ಆದ ನಮ್ಮ ಮುಕ್ತ ವಿಶ್ವವಿದ್ಯಾನಿಲಯಕ್ಕೂ ಯುಜಿಸಿ ಮಾನ್ಯತೆ ಇಲ್ಲ ಅಂತ 2015ರಲ್ಲಿ ಪ್ರಕಟವಾಯಿತು, ಮತ್ತೆ ಸಿಕ್ಕಿದ್ದು 2018ರಲ್ಲಿ. ನಡುವೆ ತೊಂದರೆಗೆ ಸಿಕ್ಕಿದವರು ವಿದ್ಯಾರ್ಥಿಗಳು. ಆದ್ದರಿಂದ ಹೆಸರು ನೋಡಿ ನಂಬುವುದಲ್ಲ, ಪಟ್ಟಿ ನೋಡಿ ನಂಬುವುದು.

ಮೂರನೆಯದು ನಮ್ಮ ಸಂಘಟನೆಗಳ ಕೆಲಸ. ನವೆಂಬರಿನಲ್ಲಿ ಧ್ವಜ ಹಾರಿಸುತ್ತೇವೆ, ಆರ್ಕೆಸ್ಟ್ರಾ ಮಾಡಿಸುತ್ತೇವೆ. ಮಾಡೋಣ. ಆದರೆ ಪ್ರತಿ ಶಾಖೆಯ ಕಚೇರಿಯಲ್ಲಿ ಒಂದು ಮೇಜು ಹಾಕಿ, "ಓದು ನಿಲ್ಲಿಸಿದವರು ಇಲ್ಲಿ ಬನ್ನಿ" ಅಂತ ಒಂದು ಬೋರ್ಡು ಬರೆಸಲು ಎಷ್ಟು ಖರ್ಚು? ಬೋರ್ಡು ನಾನೇ ಬರೆಸಿಕೊಡುತ್ತೇನೆ, ದುಡ್ಡು ಬೇಡ. ಅರ್ಜಿ ತುಂಬಿಸಿ, ಅಂಕಪಟ್ಟಿ ಕಳೆದುಕೊಂಡವರಿಗೆ ನಕಲು ಪ್ರತಿ ತರಿಸಿಕೊಡಿ. ಒಂದು ಶಾಖೆ ವರ್ಷಕ್ಕೆ ಐದು ಜನ ಆಟೋ ಚಾಲಕರನ್ನು, ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನು ಕಾಲೇಜಿಗೆ ಸೇರಿಸಿದರೆ ಅದಕ್ಕಿಂತ ದೊಡ್ಡ ರಾಜ್ಯೋತ್ಸವ ಇನ್ಯಾವುದು?

ನಾಲ್ಕನೆಯದು ಹಕ್ಕೊತ್ತಾಯ. ಕನ್ನಡ ಮಾಧ್ಯಮದ ಪ್ರಶ್ನೆಗಳನ್ನು ಮೊದಲು ಕನ್ನಡದಲ್ಲೇ ಬರೆಯಿರಿ, ಆ ವಿಷಯ ಬಲ್ಲ ಕನ್ನಡದ ಮೇಷ್ಟ್ರಿಂದ ಪ್ರೂಫ್ ನೋಡಿಸಿ. ಗೊಂದಲ ಬಂದರೆ ಇಂಗ್ಲಿಷೇ ಅಂತಿಮ ಅನ್ನುವ ಸಾಲನ್ನು ಅಳಿಸಿ. ಕನ್ನಡ ಪ್ರಶ್ನೆ ತಪ್ಪಾಗಿದ್ದರೆ ಕನ್ನಡದಲ್ಲಿ ಬರೆದವರಿಗೆ ಆ ಅಂಕ ಕೊಡಿ. ಇದನ್ನು ನಾವು ಬೇಡಿಕೊಳ್ಳುತ್ತಿಲ್ಲ, ಕೇಳುತ್ತಿದ್ದೇವೆ.

ಕೊನೆಯದು ನಿಮಗೆ, ಈಗ ಕಾಲೇಜಿನಲ್ಲಿರುವ ತಮ್ಮ ತಂಗಿಯರಿಗೆ. ನೀವು ನೋಟ್ಸ್ ಬರೆದುಕೊಳ್ಳುವಾಗ ಒಂದು ಪಾಠವನ್ನಾದರೂ ಅರ್ಥವಾಗುವ ಕನ್ನಡದಲ್ಲಿ ಬರೆಯಿರಿ. ತುಷ್ಟಿಗುಣ ಅನ್ನುವ ಪದದ ಪಕ್ಕದಲ್ಲಿ ಹೊಳಿಗೆಯನ್ನೂ ಬರೆಯಿರಿ. ಅದನ್ನು ನಿಮ್ಮ ಬೀದಿಯಲ್ಲಿ ಓದು ನಿಲ್ಲಿಸಿದ ಒಬ್ಬ ಅಣ್ಣನಿಗೆ, ಒಬ್ಬ ಅಕ್ಕನಿಗೆ ಕೊಡಿ. ನಿಮ್ಮ ಅಪ್ಪನೋ ಅಮ್ಮನೋ ಓದಬೇಕು ಅಂದರೆ ನಗಬೇಡಿ. ನಕ್ಕರೂ ಪರವಾಗಿಲ್ಲ, ಮಾರನೇ ದಿನ ಒಂದು ಪೆನ್ನು ತಂದುಕೊಡಿ.

ಮೊದಲ ವರ್ಷದ ಫಲಿತಾಂಶ ಬಂದಾಗ ನಾನು ಎಲ್ಲದರಲ್ಲೂ ಪಾಸಾಗಿದ್ದೆ. ಅರ್ಥಶಾಸ್ತ್ರದಲ್ಲಿ ಅಂಥ ದೊಡ್ಡ ಅಂಕವೇನಲ್ಲ, ಆದರೂ ಪಾಸು. ಸುದ್ದಿಯನ್ನು ಮೊದಲು ಹೇಳಿದ್ದು ಆ ತುಮಕೂರಿನ ಹುಡುಗನಿಗೆ. ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಸಾರ್, ಫಾರಂ ಯ್ಯಾವಾಗ ಕೊಡ್ತಾರೆ?" ಅಂದ. ಫಾರಂ ತಂದು ನನ್ನ ಮೇಜಿನ ಮೇಲೆ ಇಟ್ಟಿದ್ದೇನೆ. ಭಾನುವಾರ ಬರುತ್ತೇನೆ ಅಂದಿದ್ದಾನೆ. ಬರದಿದ್ದರೆ ನಾನೇ ಹುಡುಕಿಕೊಂಡು ಹೋಗುತ್ತೇನೆ. ಸಾಲ ನನ್ನದಲ್ಲವೇ?

ವಾಚ್‌ಮನ್ ಅಣ್ಣನಿಗೂ ಒಂದು ಫಾರಂ ತಂದಿದ್ದೇನೆ.

ಜೈ ಕರ್ನಾಟಕ!